ಸದಸ್ಸಿಲ್ಲದ ಸದಸ್ಯರು

'ಸದಸ್ಯ' ಎಂಬ ಪದದ ಒಡಲಲ್ಲಿ 'ಸದಸ್ಸು' ಇದೆ. ಸಭೆಯಲ್ಲಿ ಕುಳಿತುಕೊಳ್ಳುವ ಅರ್ಹತೆಯುಳ್ಳವನು, ಅಲ್ಲಿ ಬಾಯಿ ತೆರೆಯಬಲ್ಲವನು ಸದಸ್ಯ. ಕೂರಲು ಚಾಪೆಯನ್ನೂ ಹಾಸದೆ, ಬಾಗಿಲಲ್ಲೇ ಹೆಸರು ಬರೆದುಕೊಂಡು ರಸೀದಿ ಹರಿದುಕೊಟ್ಟರೆ ಅವನು ಸದಸ್ಯನಾಗುವುದಿಲ್ಲ, ಹೆಚ್ಚೆಂದರೆ ನೋಂದಾಯಿತನಾಗುತ್ತಾನೆ. ನಮ್ಮ ದೇಶದ ಚದುರಂಗದ ಆಡಳಿತ ಸಂಸ್ಥೆಗಳು ಆಟಗಾರನಿಗೆ ಕೊಡುವುದು ನೋಂದಣಿಯನ್ನು. ನಾವು ಅದನ್ನು ಸದಸ್ಯತ್ವವೆಂದು ಕರೆದುಕೊಂಡು ಹಿಗ್ಗುತ್ತೇವೆ. ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ, ಆದರೆ ಇದು ಬರಿಯ ಪದದ ತಕರಾರಲ್ಲ.

ಕೋಲ್ಕತ್ತದ ಲೇಕ್ ಮಾರ್ಕೆಟ್ಟಿನ ಆಸುಪಾಸಿನಲ್ಲಿ ದಕ್ಷಿಣದವರ ಮನೆಗಳು ತಲೆಮಾರುಗಳಿಂದ ಇವೆ. ಬಾಳೆ ಎಲೆ, ಮಲ್ಲಿಗೆ, ಆಗಷ್ಟೇ ಪುಡಿಮಾಡಿದ ಕಾಫಿ ಇವೆಲ್ಲ ಸಿಗುವ ಈ ಬೀದಿಗಳಲ್ಲಿ ತಮಿಳರ ನಡುವೆ ಒಂದಷ್ಟು ಕನ್ನಡದ ಸಂಸಾರಗಳೂ ಉಂಟು. ಹೆಚ್ಚಿನವರು ನನ್ನಂತೆ ವರ್ಗಾವಣೆಯ ಆದೇಶ ಹಿಡಿದು ಬಂದ ಕೇಂದ್ರ ಸರಕಾರದ ನೌಕರರು ಇಲ್ಲವೇ ಬ್ಯಾಂಕಿನವರು. ಮಕ್ಕಳಿಗೆ ಮೊದಲು ಸಂಗೀತ, ಆಮೇಲೆ ಗಣಿತದ ಟ್ಯೂಷನ್ನು, ಈಗೀಗ ಚೆಸ್ಸು. ಅರ್ಜಿ ತುಂಬುವುದರಲ್ಲಿ ನನಗೆ ಕೈ ಪಳಗಿದೆಯೆಂದು ತಿಳಿದವರು ಕೇಳುವ ಪ್ರಶ್ನೆ ಒಂದೇ: "ಹುಡುಗನನ್ನು ಫೆಡರೇಶನ್ನಿಗೆ ಸೇರಿಸಿದರೆ ಏನು ಪ್ರಯೋಜನ ಸಾರ್?"

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಚಲಾವಣೆಯಲ್ಲಿವೆ. ಸಂಸ್ಥೆಗೆ ಸೇರಿದರೆ ಆಟವೂ ಬೆಳೆಯುತ್ತದೆ, ಮಗುವೂ ಬೆಳೆಯುತ್ತದೆ ಎಂಬುದು ಒಂದು. ಆಟಕ್ಕೆ ಕಚೇರಿ ಏಕೆ, ಇದೇ ರಾಸಬಿಹಾರಿ ಅವೆನ್ಯೂ ಹಿಡಿದು ಪೂರ್ವಕ್ಕೆ ನಡೆದು ಗಡಿಯಾಹಾಟಿನ ಮೇಲ್ಸೇತುವೆಯ ಕೆಳಗೆ ನೋಡಿ ಎಂಬುದು ಇನ್ನೊಂದು. ಅಲ್ಲಿ ಸಂಜೆಯಾದರೆ ಹಲಗೆಗಳ ಮುಂದೆ ಜನ ಕೂರುತ್ತಾರೆ. ತಲೆಯ ಮೇಲೆ ವಾಹನಗಳ ಸದ್ದು, ಪಕ್ಕದಲ್ಲಿ ಸೀರೆ ಮಾರುವವರ ಕೂಗು, ನಡುವೆ ಮಂತ್ರಿಯನ್ನು ಬಲಿಕೊಡುವ ಧ್ಯಾನ. ಬಂಗಾಳಿಗಳು 'ದಾಬಾ' ಎನ್ನುವ ಈ ಆಟವನ್ನು ಅಲ್ಲಿ ಆಡಲು ಯಾರ ಮೊಹರೂ ಬೇಕಿಲ್ಲ.

ಎರಡನೆಯ ಉತ್ತರ ಚೆಂದವಾಗಿದೆ, ಆದರೆ ಅರ್ಧ ಸತ್ಯ. ಗಡಿಯಾಹಾಟಿನ ಸೇತುವೆಯ ಕೆಳಗೆ ಸೋಲು ಗೆಲುವು ಸಿಗುತ್ತವೆ, ಅಳತೆ ಸಿಗುವುದಿಲ್ಲ. ಇದೇ ಊರಿನ ದಿಬ್ಯೇಂದು ಬರುವಾ 1982ರಲ್ಲಿ ಇನ್ನೂ ಹುಡುಗನಾಗಿದ್ದಾಗ ಲಂಡನ್ನಿನಲ್ಲಿ ವಿಕ್ಟರ್ ಕೊರ್ಚ್‌ನಾಯ್‌ರನ್ನು ಸೋಲಿಸಿ, 1991ರಲ್ಲಿ ಭಾರತದ ಎರಡನೆಯ ಗ್ರ್ಯಾಂಡ್‌ಮಾಸ್ಟರ್ ಆದರು. ಆ ಗೆಲುವುಗಳನ್ನು ಬರೆದಿಟ್ಟು ಲೆಕ್ಕಹಾಕುವ ಒಂದು ಜಾಗತಿಕ ಪುಸ್ತಕ ಇದ್ದುದರಿಂದಲೇ ಅವು ಬಿರುದಾದವು. ಆ ಪುಸ್ತಕ 1924ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಫಿಡೆಯದು. ರೇಟಿಂಗ್ ಉಳ್ಳವರ ವಿರುದ್ಧ ಕನಿಷ್ಠ 5 ಪಂದ್ಯಗಳನ್ನು ಮಾನ್ಯತೆಯುಳ್ಳ ಪಂದ್ಯಾವಳಿಯಲ್ಲಿ ಆಡದೆ ಯಾರ ಹೆಸರೂ ಅದರಲ್ಲಿ ಸಂಖ್ಯೆಯೊಡನೆ ಏರುವುದಿಲ್ಲ.

ನಮ್ಮಂಥ ಮನೆಗಳಿಗೆ ಇದಕ್ಕಿಂತ ದೊಡ್ಡ ಕಾರಣ ಮತ್ತೊಂದಿದೆ. ಕೇಂದ್ರ ಸರಕಾರದ 'ಸಿ' ಗುಂಪಿನ ನೇರ ನೇಮಕಾತಿಯಲ್ಲಿ ಶೇ. 5ರವರೆಗೆ ಪ್ರತಿಭಾವಂತ ಕ್ರೀಡಾಪಟುಗಳನ್ನು ತೆಗೆದುಕೊಳ್ಳಲು ಅವಕಾಶವುಂಟು. ಆ ಪಟ್ಟಿಯಲ್ಲಿ ಚದುರಂಗವೂ ಸೇರಿದೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಆಡಿದವನ ಪ್ರಮಾಣಪತ್ರಕ್ಕೆ ರಾಷ್ಟ್ರೀಯ ಫೆಡರೇಶನ್ನಿನ ಕಾರ್ಯದರ್ಶಿ ಸಹಿ ಹಾಕಬೇಕು, ರಾಜ್ಯವನ್ನು ಪ್ರತಿನಿಧಿಸಿ ರಾಷ್ಟ್ರಮಟ್ಟದಲ್ಲಿ ಆಡಿದವನದಕ್ಕೆ ರಾಜ್ಯ ಸಂಸ್ಥೆಯ ಕಾರ್ಯದರ್ಶಿ. 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ಎಂ. ಎಸ್. ತೇಜಕುಮಾರ್ ರೈಲ್ವೆ ನೌಕರರು ಎಂಬುದನ್ನು ನೆನೆದರೆ, ಈ ದೇಶದಲ್ಲಿ ಆಟ ಮತ್ತು ಅನ್ನ ಎಷ್ಟು ಹತ್ತಿರದ ನೆಂಟರೆಂಬುದು ತಿಳಿಯುತ್ತದೆ. ಆದ್ದರಿಂದ ಮೇಲ್ಸೇತುವೆಯ ರಮ್ಯ ವಾದವನ್ನು ಸಂಬಳ ಖಚಿತವಾಗಿರುವ ನನ್ನಂಥವರು ಆಡಬಹುದು. ಹದಿನಾರರ ಹುಡುಗನಿಗೆ ಉಪದೇಶಿಸುವುದು ಅನ್ಯಾಯ.

ಹಾಗಾದರೆ ಮೊದಲನೆಯ ಉತ್ತರವೇ ಸರಿಯೆ? ಇಲ್ಲ, ಅದು ಇನ್ನೂ ಅಪಾಯಕರ. ಒಬ್ಬ ಕಾರ್ಯದರ್ಶಿಯ ಸಹಿಗೆ ಒಂದು ಜೀವನದ ತೂಕವಿರುವಾಗ ಆ ಕಾರ್ಯದರ್ಶಿ ಯಾರಿಗೆ ಉತ್ತರದಾಯಿ ಎಂದು ಕೇಳಬೇಕಾಗುತ್ತದೆ. ಅಖಿಲ ಭಾರತ ಚೆಸ್ ಫೆಡರೇಶನ್ನಿನಲ್ಲಿ ಮತ ಹಾಕುವುದು ರಾಜ್ಯ ಸಂಸ್ಥೆಗಳ ಪ್ರತಿನಿಧಿಗಳು. ರಾಜ್ಯ ಸಂಸ್ಥೆಗಳು ನಿಂತಿರುವುದು ಜಿಲ್ಲಾ ಸಂಸ್ಥೆಗಳ ಮೇಲೆ. ಈ ಏಣಿಯ ಯಾವ ಮೆಟ್ಟಿಲಲ್ಲೂ ನೋಂದಾಯಿತ ಆಟಗಾರ ಆಟಗಾರನೆಂಬ ಕಾರಣಕ್ಕೆ ಕಾಲಿಡುವುದಿಲ್ಲ. ಶುಲ್ಕ ಎಷ್ಟೆಂಬುದು ನನಗೆ ಮುಖ್ಯವಲ್ಲ. ಅದು ಏರಲಿ, ಇಳಿಯಲಿ, ಮನ್ನಾ ಆಗಲಿ, ಏಣಿ ಹಾಗೆಯೇ ಇರುತ್ತದೆ.

ಇದರ ಫಲವನ್ನು ನೋಡಬೇಕಾದರೆ ಭಾರತೀಯ ಸ್ಪರ್ಧಾ ಆಯೋಗ 2018ರ ಜುಲೈನಲ್ಲಿ ಕೊಟ್ಟ ಆದೇಶವನ್ನು ಓದಬೇಕು. ಫೆಡರೇಶನ್ನಿನ ಅನುಮತಿಯಿಲ್ಲದ ಪಂದ್ಯಾವಳಿಗಳಲ್ಲಿ ಆಡುವುದಿಲ್ಲವೆಂದು ಆಟಗಾರ ನೋಂದಣಿಯ ಹೊತ್ತಿನಲ್ಲೇ ಮುಚ್ಚಳಿಕೆ ಬರೆದುಕೊಡಬೇಕಾಗಿತ್ತು. ಮೀರಿದವರಿಗೆ ನಿಷೇಧ, ರೇಟಿಂಗ್ ಪಟ್ಟಿಯಿಂದ ಹೆಸರು ಮಾಯ. ನಾಲ್ವರು ಆಟಗಾರರು 2011ರಷ್ಟು ಹಿಂದೆಯೇ ದೂರು ಕೊಟ್ಟಿದ್ದರು. ಆಯೋಗ ಫೆಡರೇಶನ್ನಿಗೆ 6.92 ಲಕ್ಷ ರೂಪಾಯಿ ದಂಡ ಹಾಕಿತು. ದೂರಿನಿಂದ ಆದೇಶಕ್ಕೆ ಏಳು ವರ್ಷ! ಎಂಟು ವರ್ಷದ ಹುಡುಗನ ಕೈಗೆ ಕಾಯಿ ಕೊಟ್ಟರೆ ಅವನಿಗೆ ಹದಿನೈದು ತುಂಬುವಷ್ಟು ಕಾಲ. ಆಟಗಾರರಿಗೆ ಒಳಗೆ ಮತವಿದ್ದಿದ್ದರೆ ಇಂಥ ಮುಚ್ಚಳಿಕೆಯ ವಿರುದ್ಧ ಹೊರಗಿನ ಆಯೋಗದ ಬಾಗಿಲು ತಟ್ಟುವ ಮೊದಲು ಮನೆಯೊಳಗೇ ಜಗಳವಾಡಬಹುದಿತ್ತು.

2022ರಲ್ಲಿ ಇನ್ನೊಂದು ನಾಟಕ. ಮಾಮಲ್ಲಪುರದ ಒಲಿಂಪಿಯಾಡಿಗೆ ಎರಡು ತಿಂಗಳೂ ಇಲ್ಲದಾಗ ದಿಲ್ಲಿ ಹೈಕೋರ್ಟು ಫೆಡರೇಶನ್ನಿನ ಕಾರ್ಯದರ್ಶಿಯನ್ನು ಹುದ್ದೆಯಿಂದ ಇಳಿಸಿತು. ಕೂಟ ಮುಗಿಯಲೆಂದು ಸುಪ್ರೀಂ ಕೋರ್ಟು ಆಗಸ್ಟ್ ನಡುವಿನವರೆಗೆ ಇರಗೊಟ್ಟಿತು. ಆ ವ್ಯಾಜ್ಯದ ತಪ್ಪು ಒಪ್ಪು ಏನೇ ಇರಲಿ, ಕಾರ್ಯದರ್ಶಿ ಉಳಿಯಬೇಕೋ ಬೇಡವೋ ಎಂದು ಹೇಳುವ ಅಧಿಕಾರ ನ್ಯಾಯಮೂರ್ತಿಗಳಿಗಿತ್ತು, ಸಂಸ್ಥೆಗಳ ಪ್ರತಿನಿಧಿಗಳಿಗಿತ್ತು. ಹಲಗೆಯ ಮುಂದೆ ಕೂರುವವರಿಗೆ ಇರಲಿಲ್ಲ.

ವರ್ಗಾವಣೆಯ ನೌಕರರ ಪಾಡು ಬೇರೆಯೇ. ನನ್ನ ಸಹೋದ್ಯೋಗಿಯೊಬ್ಬರ ಮಗಳು ಒಂದು ರಾಜ್ಯದಲ್ಲಿ ನೋಂದಾಯಿತಳಾಗಿ, ಅಪ್ಪನ ಆದೇಶದ ಹಿಂದೆ ಇಲ್ಲಿಗೆ ಬಂದಳು. ಹಳೆಯ ಸಂಸ್ಥೆಯಿಂದ ಆಕ್ಷೇಪಣೆ ಇಲ್ಲವೆಂಬ ಒಂದು ಸಾಲಿನ ಪತ್ರಕ್ಕೆ ಅವರು ಬರೆದ ಕಾಗದಗಳಿಗೆ ಆ ವರ್ಷದ ಆಯ್ಕೆಯ ಪಂದ್ಯಗಳು ಮುಗಿಯುವತನಕ ಉತ್ತರ ಬರಲಿಲ್ಲ. ಯಾರೂ ಕೆಟ್ಟವರಲ್ಲ, ಉತ್ತರಿಸದಿದ್ದರೆ ಏನನ್ನೂ ಕಳೆದುಕೊಳ್ಳದವರು, ಅಷ್ಟೆ. ಸರಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ತಿರುವಿದ ನನಗೆ ಈ ಮೌನದ ವ್ಯಾಕರಣ ಚೆನ್ನಾಗಿ ಗೊತ್ತು.

ಆಟಗಾರರ ಕೈಗೆ ಮತ ಕೊಟ್ಟರೆ ರಾಜಕೀಯ ನುಗ್ಗುತ್ತದೆ ಎಂದು ಹೇಳುವವರಿದ್ದಾರೆ. ಈಗ ಇರುವುದಕ್ಕೆ ಅವರು ಏನೆಂದು ಹೆಸರಿಡುತ್ತಾರೋ ತಿಳಿಯದು. ಅಮೆರಿಕದಲ್ಲಿ ಡಿಸ್ಕ್ ಗಾಲ್ಫ್ ಎಂಬ ಆಟವಿದೆ: ತಟ್ಟೆಯನ್ನು ಬೀಸಿ ಸರಪಳಿಯ ಬುಟ್ಟಿಗೆ ಎಸೆಯುವುದು. ಆ ಬುಟ್ಟಿಯನ್ನು ರೂಪಿಸಿದ ಎಡ್ ಹೆಡ್ರಿಕ್ 1976ರಲ್ಲಿ ಅದಕ್ಕೊಂದು ಸಂಘವನ್ನೂ ಕಟ್ಟಿದರು. ಹಣ ಕಟ್ಟಿ ಸೇರಿದ ಆಟಗಾರನಿಗೆ ಅಲ್ಲಿ ಒಂದು ಸದಸ್ಯ ಸಂಖ್ಯೆ, ಒಂದು ರೇಟಿಂಗ್, ಜತೆಗೆ ಆಡಳಿತ ಮಂಡಳಿಯ ಚುನಾವಣೆಯಲ್ಲಿ ಒಂದು ಮತ. ಸೇರುವುದು ಲಾಭವೇ ನಷ್ಟವೇ ಎಂದು ಅಲ್ಲಿಯವರು ವಾದಿಸಿದರೆ ಆ ವಾದಕ್ಕೆ ಅರ್ಥವಿದೆ, ಏಕೆಂದರೆ ಅವರು ಸೇರುತ್ತಿರುವುದು ನಿಜವಾಗಿಯೂ ಒಂದು ಸದಸ್ಸಿಗೆ. ಅಷ್ಟು ದೂರವೇಕೆ? 1915ರಲ್ಲಿ ಹುಟ್ಟಿದ ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಚುನಾವಣೆಗಳ ಬಗ್ಗೆ ನಾವು ಮೂಗು ಮುರಿಯುವುದುಂಟು. ಜಾತಿಯ ಲೆಕ್ಕ, ಮತಕ್ಕಾಗಿಯೇ ಸದಸ್ಯರನ್ನು ಮಾಡುವ ಚಾಳಿ ಎಲ್ಲವೂ ನಿಜ. ಆದರೂ ಅಧ್ಯಕ್ಷನಾಗಬಯಸುವವನು ಸಾಮಾನ್ಯ ಸದಸ್ಯನ ಮುಂದೆ ಕೈಮುಗಿದು ನಿಲ್ಲಬೇಕಾಗುತ್ತದೆ.

2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಇದನ್ನು ಸರಿಪಡಿಸಿತೆಂದು ಸಂಭ್ರಮಿಸುವವರು ಸ್ವಲ್ಪ ತಾಳಬೇಕು. ಗರಿಷ್ಠ 15 ಮಂದಿಯ ಕಾರ್ಯಕಾರಿ ಸಮಿತಿಯಲ್ಲಿ ಮಹತ್ಸಾಧನೆಯ ಕ್ರೀಡಾಪಟುಗಳಿಗೆ, ಕ್ರೀಡಾಪಟುಗಳ ಸಮಿತಿಯ ಪ್ರತಿನಿಧಿಗಳಿಗೆ ಅದು ಜಾಗ ಕೊಟ್ಟಿದೆ. ವ್ಯಾಜ್ಯಗಳಿಗೆ ನ್ಯಾಯಾಧಿಕರಣವೊಂದನ್ನು ಕಲ್ಪಿಸಿದೆ. ಒಳ್ಳೆಯದೇ. ಆದರೆ ಚದುರಂಗದ ಬಹುಪಾಲು ಜನ ಮಹತ್ಸಾಧಕರಲ್ಲ. 1500ರ ರೇಟಿಂಗಿನ ಗುಮಾಸ್ತ, 1400 ದಾಟಲು ಒದ್ದಾಡುವ ಶಾಲಾ ಹುಡುಗಿ, ಇವರ ಪ್ರವೇಶ ಶುಲ್ಕದಿಂದಲೇ ಪಂದ್ಯಾವಳಿಗಳು ನಡೆಯುವುದು. 2024ರ ಮಾರ್ಚಿನಲ್ಲಿ ಫಿಡೆ ರೇಟಿಂಗಿನ ತಳವನ್ನು 1000ದಿಂದ 1400ಕ್ಕೆ ಎತ್ತಿ, 2000ಕ್ಕಿಂತ ಕೆಳಗಿದ್ದವರ ಕೊರತೆಯ ಶೇ. 40ರಷ್ಟನ್ನು ಒಮ್ಮೆಗೇ ತುಂಬಿಕೊಟ್ಟಾಗ 1500ರವನು ಬೆಳಗಾಗುವುದರೊಳಗೆ 1700ರವನಾದ. ಕ್ರಮ ತಪ್ಪೆನ್ನಲಾರೆ, ಸಂಖ್ಯೆಗಳು ನಿಜಕ್ಕೂ ಕುಸಿದಿದ್ದವು. ಆದರೆ ಹೀಗೆ ರಾತ್ರೋರಾತ್ರಿ ಏರಿಳಿಯುವ ಅಳತೆಗೋಲಿನ ಬಗ್ಗೆ ಅಳೆಯಿಸಿಕೊಳ್ಳುವವನಿಗೆ ಎಲ್ಲಿಯಾದರೂ ಒಂದು ಮಾತಿನ ಹಕ್ಕು ಬೇಡವೆ?

ಆದ್ದರಿಂದ ಕೇಳಿದವರಿಗೆ ನಾನು ಹೇಳುವುದು ಹೀಗೆ. ಮಗು ರೇಟಿಂಗ್ ಪಂದ್ಯ ಆಡುವ ಹಂತಕ್ಕೆ ಬಂದಾಗ ನೋಂದಾಯಿಸಿ, ಅದಕ್ಕೆ ಮುಂಚೆ ಬೇಡ. ಅದನ್ನು ರೈಲಿನ ಟಿಕೆಟ್ಟಿನಂತೆ ಕಾಣಿ. ಟಿಕೆಟ್ಟು ಕೊಂಡವರೆಲ್ಲ ರೈಲ್ವೆ ಮಂಡಳಿಯಲ್ಲಿ ಕೂರುವುದಿಲ್ಲ. ಸಹಿ ಹಾಕುವ ಮೊದಲು ಮುಚ್ಚಳಿಕೆಯ ಪ್ರತಿಯೊಂದು ಸಾಲನ್ನೂ ಓದಿ, ರಾಜ್ಯ ಸಂಸ್ಥೆಯ ನಿಯಮಾವಳಿಯ ಪ್ರತಿ ಕೇಳಿ, ಅದರಲ್ಲಿ 'ಸದಸ್ಯ' ಎಂಬುದಕ್ಕೆ ಕೊಟ್ಟಿರುವ ವ್ಯಾಖ್ಯೆಯ ಕೆಳಗೆ ಗೆರೆ ಎಳೆದಿಡಿ. ವಯಸ್ಕರಾಗಿ ಸಂತೋಷಕ್ಕೆ ಆಡುವವರು ಗಡಿಯಾಹಾಟಿಗೆ ಹೋಗಿ, ಅಥವಾ ನನ್ನಂತೆ ಇಲಾಖೆಯ ಪಂದ್ಯಗಳಲ್ಲಿ ಸೋಲಿ. ಇನ್ನು ಸರಕಾರದ ಅನುದಾನ ಪಡೆಯುವ ಕ್ರೀಡಾ ಸಂಸ್ಥೆಗಳು ಆ ಹಣದ ಮಟ್ಟಿಗೆ ಮಾಹಿತಿ ಹಕ್ಕಿನ ವ್ಯಾಪ್ತಿಯಲ್ಲಿವೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಲೆಕ್ಕ ಕೇಳಿ. ಅರ್ಜಿ ಬರೆಯುವುದು ಕಷ್ಟವೆನಿಸಿದರೆ ಭಾನುವಾರ ಬೆಳಿಗ್ಗೆ ಮನೆಗೆ ಬನ್ನಿ, ಬರೆದುಕೊಡುತ್ತೇನೆ.