ಚಿಪ್ಪನ್ನು ಮಾರಿ, ಹುಲ್ಲನ್ನು ಮಾರಬೇಡಿ

ಹಬ್ಬದ ಮುನ್ನಾದಿನ ಬೆಂಗಳೂರಿನ ಗಾಂಧಿ ಬಜಾರಿಗೆ ಹೋದವರು ಹೂವು, ಬಾಳೆಕಂದುಗಳ ಜೊತೆಗೆ ತೆಂಗಿನಕಾಯಿಯ ರಾಶಿಯನ್ನೂ ನೋಡಿರುತ್ತಾರೆ. ಪೂಜೆಗೆ ಒಡೆದ, ಚಟ್ನಿಗೆ ತುರಿದ ಕಾಯಿಗಳ ಚಿಪ್ಪು ಬಹುಪಾಲು ಕಸದ ಪಾಲು. ಈ ಚಿಪ್ಪಿನ ಇಂಗಾಲ ಬ್ಯಾಟರಿಗೆ ಒದಗುತ್ತದೆಂಬ ಮಾತು ಈಗ ರೈತರ ಕಿವಿಗೂ ಬೀಳುತ್ತಿದೆ. ಮಾತು ಸುಳ್ಳಲ್ಲ, ಆದರೆ ಅದರಲ್ಲಿ ರೈತನ ಪಾಲು ಎಷ್ಟೆಂಬುದನ್ನು ವಿಚಾರಿಸಬೇಕು.

ಮೊಬೈಲ್ ಫೋನಿನ ಲೀಥಿಯಂ ಬ್ಯಾಟರಿಯ ಒಂದು ವಿದ್ಯುದ್ವಾರ ಸಾಮಾನ್ಯವಾಗಿ ಗ್ರಾಫೈಟಿನದು. ಲೀಥಿಯಂಗೆ ಬದಲಾಗಿ, ಉಪ್ಪಿನಲ್ಲೇ ಸಿಗುವ ಸೋಡಿಯಂ ಬಳಸಹೊರಟರೆ ಗ್ರಾಫೈಟು ಅದನ್ನು ಸರಿಯಾಗಿ ಹಿಡಿದಿಟ್ಟುಕೊಳ್ಳದು. ಪದರಗಳು ಅಡ್ಡಾದಿಡ್ಡಿಯಾಗಿದ್ದು ನಡುವೆ ಸೂಕ್ಷ್ಮ ಪೊಳ್ಳುಗಳಿರುವ ಇಂಗಾಲ ಬೇಕು. ಗ್ಲೂಕೋಸಿನಿಂದ ಪಡೆದ ಅಂಥ ಇಂಗಾಲ ಗ್ರಾಮಿಗೆ ಸುಮಾರು 300 ಮಿಲಿ ಆಂಪಿಯರ್-ಗಂಟೆ ವಿದ್ಯುತ್ ಹಿಡಿಯುತ್ತದೆಂದು ಕೆನಡಾದ ಸ್ಟೀವನ್ಸ್ ಮತ್ತು ಡಾನ್ 2000ದಲ್ಲಿ ತೋರಿಸಿದರು. ಆಮೇಲೆ ತೆಂಗಿನ ಚಿಪ್ಪು, ಬಾಳೆಹಣ್ಣಿನ ಸಿಪ್ಪೆಗಳ ಮೇಲೂ ಪ್ರಯೋಗ ನಡೆದಿವೆ.

ಎಲ್ಲ ಕಸವೂ ಒಂದೇ ಅಲ್ಲ. ಚಿಪ್ಪು ಗಟ್ಟಿ, ಬೂದಿ ಬಹಳ ಕಡಿಮೆ. ಭತ್ತದ ಹೊಟ್ಟಿನಲ್ಲಾದರೋ ನೂರಕ್ಕೆ 15ರಿಂದ 20 ಭಾಗ ಬೂದಿ, ಅದೂ ಹೆಚ್ಚಾಗಿ ಸಿಲಿಕಾ. ಎಳನೀರಿನ ಬುರುಡೆ ಬರೀ ನೀರು, ನಾರು. ಅದು ಗೊಬ್ಬರದ ಗುಂಡಿಗೇ ಲೇಸು.

ಬ್ಯಾಟರಿ ಇದ್ದಿಲಿನ ಘಟಕ ಹೂಡಿರೆಂದು ಯಾರಾದರೂ ಬಂದರೆ ಸಾಲಕ್ಕೆ ಕೈಹಾಕಬೇಡಿ. ಗಾಳಿ ಸೋಕದ ಕುಲುಮೆಯಲ್ಲಿ 1000ದಿಂದ 1500 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುವುದು ಕಾರ್ಖಾನೆಯ ಕೆಲಸ. ಗುಂಡಿಯಲ್ಲಿ, ಡ್ರಮ್ಮಿನಲ್ಲಿ ಸುಟ್ಟ ಇದ್ದಿಲು ಹಾಗೆಯೇ ಬ್ಯಾಟರಿಗೆ ಬಾರದು. ಇಂದಿಗೂ ಚಿಪ್ಪಿನ ಇದ್ದಿಲಿನ ದೊಡ್ಡ ಗಿರಾಕಿ ಬ್ಯಾಟರಿಯಲ್ಲ, ನೀರು ಶುದ್ಧಿಗೆ ಬಳಸುವ ಸಕ್ರಿಯ ಇಂಗಾಲದ ಉದ್ಯಮ.

ರೈತನ ಕೈಯಲ್ಲಿರುವುದು ಚಿಪ್ಪು. ಗಾಂಧಿ ಬಜಾರಿನ ಚಿಪ್ಪು ಮನೆಮನೆಗೆ ಚದುರುತ್ತದೆ. ತಿಪಟೂರು, ಅರಸೀಕೆರೆ ಕಡೆ ಕೊಬ್ಬರಿ ಬಿಡಿಸಿದಾಗ ಒಂದೇ ಕಡೆ ರಾಶಿ ಬೀಳುತ್ತದೆ. ನಮ್ಮ ಬಲ ಇರುವುದು ಅಲ್ಲಿಯೇ. ಮಣ್ಣು ಮೆತ್ತದಂತೆ, ನಾರು ಬಿಡಿಸಿ, ಒಣಗಿಸಿ, ನಾಲ್ಕಾರು ತೋಟದವರು ಕೂಡಿ ಸಂಘದ ಮೂಲಕ ತೂಕದ ಮೇಲೆ ಮಾರಿದರೆ ದರ ಕೇಳುವ ಬಾಯಿ ಬರುತ್ತದೆ. ಕಾಯಿ ಸುಲಿದವನಿಗೆ ಕೂಲಿಯ ಜೊತೆ ಚಿಪ್ಪನ್ನೂ ಬಿಟ್ಟುಕೊಡುವವರು ಅದರ ಬೆಲೆ ಎಷ್ಟೆಂದು ಒಮ್ಮೆ ತೂಗಿ ನೋಡಲಿ.

ರಾಗಿ ಹುಲ್ಲು, ಜೋಳದ ದಂಟಿನಿಂದಲೂ ಇಂಗಾಲ ತೆಗೆಯಬಹುದೆನ್ನುತ್ತಾರೆ. ತೆಗೆಯಬಹುದು ನಿಜ. ಆದರೆ ಹುಲ್ಲು ಹೋದರೆ ದನಕ್ಕೇನು, ಸಗಣಿ ಇಲ್ಲದೆ ನಮ್ಮ ಕೆಂಪು ಮಣ್ಣಿಗೇನು? ಚಿಪ್ಪಿಗೆ ಹೊಲದಲ್ಲಿ ಬೇರೆ ಕೆಲಸವಿಲ್ಲ, ಹುಲ್ಲಿಗೆ ಇದೆ.