ದುಡಿಮೆಗೆ ದನಿಯಾದವರು, ದೂಳಿಗೆ ದನಿಯಾಗಬೇಕಾದವರು

ವಕ್ಕಲೇರಿಯ ಹೆಸರು ಇತಿಹಾಸದಲ್ಲಿ ಉಳಿದಿರುವುದು ತಾಮ್ರಶಾಸನವೊಂದರಿಂದ. ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನು 757ರಲ್ಲಿ ಹೊರಡಿಸಿದ ಈ ಶಾಸನವು, ಅವನ ತಂದೆ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದರೂ ಸೂರೆಗೈಯದೆ ರಾಜಸಿಂಹೇಶ್ವರ ದೇಗುಲದ ಚಿನ್ನವನ್ನು ಮರಳಿಸಿದನೆಂದು ಸಾರುತ್ತದೆ. ಇದೇ ಜಿಲ್ಲೆಯ ಮತ್ತೊಂದು ಮೂಲೆಯಲ್ಲಿ 120 ವರ್ಷಗಳ ಕಾಲ ನೆಲವನ್ನು ಬಗೆದು, ಸುಮಾರು 800 ಟನ್ ಚಿನ್ನ ತೆಗೆಯಲಾಯಿತು. ಆ ನೆಲಕ್ಕೆ ಮರಳಿದ್ದೇನು? ಈ ಪ್ರಶ್ನೆಯನ್ನು ಯಾರು ಕೇಳಬೇಕಿತ್ತು?

ಕೋಲಾರ ಚಿನ್ನದ ಗಣಿಯ ಶಾಸಕರ ಪರಂಪರೆ ನಾಡಿನಲ್ಲೇ ವಿಶಿಷ್ಟವಾದುದು. 1946ರ ನವೆಂಬರ್ 4ರಂದು ಗಣಿ ಕಾರ್ಮಿಕರ ಮೇಲೆ ನಡೆದ ಗೋಲೀಬಾರಿನಲ್ಲಿ ಆರು ಮಂದಿ ಪ್ರಾಣ ತೆತ್ತರು. ಆ ಹೋರಾಟದ ಮುಂದಾಳುಗಳಲ್ಲಿ ಒಬ್ಬರಾಗಿದ್ದ ಕೆ.ಎಸ್. ವಾಸನ್ ಅವರನ್ನು ಕಾರ್ಮಿಕರು 1952ರಲ್ಲಿ ಕಮ್ಯುನಿಸ್ಟ್ ಪಕ್ಷದಿಂದ ಮೈಸೂರು ವಿಧಾನಸಭೆಗೆ ಕಳುಹಿಸಿದರು. ಜಮೀನು, ಜಾತಿ, ಹಣಗಳ ಬಲದಿಂದಲ್ಲ, ಕಾರ್ಮಿಕ ಸಂಘದ ಬಲದಿಂದ ಒಬ್ಬರು ಶಾಸಕರಾಗಬಹುದೆಂಬುದನ್ನು ಈ ಕ್ಷೇತ್ರ ತೋರಿಸಿಕೊಟ್ಟಿತು. ಮುಂದೆಯೂ 1985ರಲ್ಲಿ ಮಾರ್ಕ್ಸ್‌ವಾದಿ ಪಕ್ಷದ ಟಿ.ಎಸ್. ಮಣಿ, 1999ರಲ್ಲಿ ಅಣ್ಣಾ ಡಿಎಂಕೆಯ ಎಂ. ಭಕ್ತವತ್ಸಲಂ, 2004ರಲ್ಲಿ ರಿಪಬ್ಲಿಕನ್ ಪಕ್ಷದ ಎಸ್. ರಾಜೇಂದ್ರನ್ ಇಲ್ಲಿಂದ ಗೆದ್ದರು. ಉಳಿದ ಕರ್ನಾಟಕ ಇದನ್ನು ಬೆರಗಿನಿಂದ ನೋಡಿತು. ಗಣಿಯ ಸಾಲುಮನೆಗಳಲ್ಲಿ ಬದುಕಿದವರಿಗೆ ಅದು ಸಹಜವಾಗಿತ್ತು. ಶಾಸಕನು ಅವರಿಗೆ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿದ್ದನು.

ಕಲ್ಲಿದ್ದಲಿನ ಸೀಮೆಯಲ್ಲೂ ಇಂಥವರುಂಟು. ರಸಾಯನ ಎಂಜಿನಿಯರಾಗಿದ್ದ ಎ.ಕೆ. ರಾಯ್ ಸಿಂದ್ರಿಯಿಂದ ಮೂರು ಬಾರಿ ಬಿಹಾರದ ಶಾಸಕರಾಗಿ, ಧನಬಾದಿನಿಂದ ಮೂರು ಬಾರಿ ಸಂಸದರಾಗಿಯೂ ಪಿಂಚಣಿಯನ್ನು ಒಲ್ಲೆನೆಂದರು. 2019ರಲ್ಲಿ ತೀರಿಕೊಳ್ಳುವಾಗಲೂ ಅವರ ಬಾಳು ಬಡ ಕಾರ್ಮಿಕರ ಬಾಳಿಗಿಂತ ಬೇರೆಯಾಗಿರಲಿಲ್ಲ.

ಇವರೆಲ್ಲರ ಬಗ್ಗೆ ಗೌರವವಿಟ್ಟುಕೊಂಡೇ ಒಂದು ಮಾತನ್ನು ಹೇಳಬೇಕಾಗಿದೆ. ಗಣಿಯ ರಾಜಕಾರಣ ಕೂಲಿಗಾಗಿ, ಸುರಕ್ಷತೆಗಾಗಿ, ಕೆಲಸದ ಉಳಿವಿಗಾಗಿ ಹೋರಾಡಿತು. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಸಯನೈಡ್ ದಿಬ್ಬಗಳು ಮಾತ್ರ ಯಾರ ಬೇಡಿಕೆಯ ಪಟ್ಟಿಯಲ್ಲೂ ಮೇಲಿನ ಸ್ಥಾನ ಪಡೆಯಲಿಲ್ಲ. ದೂಳಿನ ಮಾತೆತ್ತಿದರೆ ಅನ್ನಕ್ಕೆ ಕುತ್ತು ಬಂದೀತೆಂಬ ಅಂಜಿಕೆ ಇದ್ದಿರಬಹುದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅನ್ನವೂ ಹೋಯಿತು, ದೂಳು ಉಳಿಯಿತು. ಸಂಘ ಕರಗಿದಂತೆ ಅದರಿಂದ ಹುಟ್ಟಿದ ನಾಯಕತ್ವವೂ ಕರಗಿತು. 2008ರಿಂದೀಚೆಗೆ ಕ್ಷೇತ್ರವು ರಾಜ್ಯದ ದೊಡ್ಡ ಪಕ್ಷಗಳ ಪಾಲಾಗಿದೆ. ಕೆಲಸ ಕಳೆದುಕೊಂಡವರ ಮಕ್ಕಳು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಈಗ ಆ ದಿಬ್ಬಗಳೇ ಮತ್ತೆ ಬೆಲೆಯುಳ್ಳವಾಗಿವೆ. ಸಾವಿರ ಎಕರೆಗೂ ಮಿಕ್ಕಿ ಹರಡಿರುವ 13 ದಿಬ್ಬಗಳ ಸುಮಾರು 3.3 ಕೋಟಿ ಟನ್ ಮಣ್ಣಿನಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಇದರಿಂದ ಕೆಲಸ ಸಿಗುವುದಾದರೆ ಸಂತೋಷವೇ. ಆದರೆ ಕೆದಕಿದ ಮಣ್ಣಿನ ದೂಳನ್ನು ತಡೆಯುವವರು ಯಾರು? ಸುತ್ತಲಿನ ಬಾವಿ, ಕೆರೆಗಳ ನೀರನ್ನು ಮೊದಲೇ ಪರೀಕ್ಷಿಸಿ, ಫಲಿತಾಂಶವನ್ನು ಜನರ ಮುಂದಿಡುವರೇ? ಎರಡನೆಯ ಬಾರಿ ಉಳಿಯುವ ಕಸ ಎಲ್ಲಿಗೆ ಹೋಗುತ್ತದೆ?

ನಾವು ಆ ಕ್ಷೇತ್ರದ ಮತದಾರರಲ್ಲ, ನಿಜ. ಆದರೆ ಟೇಕಲ್ಲಿನ ಬಂಡೆಗಳನ್ನು ಸೀಳುವ ಕಲ್ಲುಗಣಿಗಳ ಕತೆಯೂ ಇದೇ. ಕೂಲಿ ಬೇಕೋ ಬೆಟ್ಟ ಬೇಕೋ ಎಂದು ನಮ್ಮನ್ನು ಕೇಳುವುದೇ ಅನ್ಯಾಯ. ಎರಡನ್ನೂ ಕಾಯುವುದು ಪ್ರತಿನಿಧಿಯ ಧರ್ಮ. ಮತ ಕೇಳಲು ಬಂದವರ ಮುಂದೆ ಈ ಪ್ರಶ್ನೆಗಳನ್ನಿಡೋಣ. ಗ್ರಾಮಸಭೆಯಲ್ಲಿ ನಿರ್ಣಯವಾಗಿ ಬರೆಸೋಣ. ವಿದ್ಯಾರ್ಥಿ ಮಿತ್ರರು ತಮ್ಮೂರಿನ ಬಾವಿ, ಬಂಡೆ, ಕೆರೆಗಳ ಸ್ಥಿತಿಯನ್ನು ವರ್ಷವರ್ಷವೂ ದಾಖಲಿಸಲಿ. ಗೆದ್ದವನು ಚಿನ್ನವನ್ನು ಮರಳಿಸಿದ ಸಂಗತಿಯನ್ನು ಸಾವಿರದ ಇನ್ನೂರು ವರ್ಷಗಳಿಗೂ ಮೀರಿ ಕಾಪಿಟ್ಟ ಊರು ನಮ್ಮದು. ನೆಲದಿಂದ ಪಡೆದದ್ದರಲ್ಲಿ ನೆಲಕ್ಕೂ ಪಾಲು ಕೊಡಿ ಎಂದು ಕೇಳುವ ಹಕ್ಕು ನಮಗಿದೆ.