ಕಡಿಮೆ ಓಡಿದ ಕಾರಿನ ಕಿಮ್ಮತ್ತು

ಧಾರವಾಡ ಸೀಮೆಯ ಮಾತಿನಲ್ಲಿ ‘ಕಿಮ್ಮತ್ತು’ ಎಂದರೆ ಬೆಲೆಯೂ ಹೌದು, ಮರ್ಯಾದೆಯೂ ಹೌದು. ಮರಾಠಿಯ ‘ಕಿಂಮತ’ಕ್ಕೂ ಇವೇ ಎರಡು ಮುಖಗಳು. ಹಳೆಯ ಕಾರಿನ ವ್ಯಾಪಾರದಲ್ಲಿ ಈ ಅರ್ಥಗಳು ಒಂದರೊಳಗೊಂದು ಕಲೆಸಿಹೋಗುತ್ತವೆ. ಮಾರುವವರು ಮರ್ಯಾದೆಯ ಲೆಕ್ಕದಲ್ಲಿ ಹೇಳುತ್ತಾರೆ, ಕೊಳ್ಳುವವರು ಬೆಲೆಯ ಲೆಕ್ಕದಲ್ಲಿ ಕೇಳುತ್ತಾರೆ. ನೀಲಗಿರಿಯಲ್ಲಿ ಈ ಗೊಂದಲ ತುಸು ಹೆಚ್ಚು. ಉದಕಮಂಡಲದ ಹಳೆಯ ಬಂಗಲೆಯೊಂದರ ಶೆಡ್ಡಿನಲ್ಲಿ ನಲವತ್ತು ವರ್ಷದ ಪದ್ಮಿನಿ ನಿಂತಿದೆ ಎಂದುಕೊಳ್ಳೋಣ. ಒಬ್ಬರೇ ಮಾಲೀಕರು, ಓಡೋಮೀಟರಿನಲ್ಲಿ 28,000 ಕಿಲೋಮೀಟರು. ಆ ಅಂಕಿಯೊಂದನ್ನೇ ತೋರಿಸಿ, ಅದೇ ವಯಸ್ಸಿನ ಬೇರೆ ಪದ್ಮಿನಿಗಿಂತ ಎರಡು ಪಟ್ಟು ಬೆಲೆ ಹೇಳಲಾಗುತ್ತದೆ. ಆ ಬೆಲೆಯನ್ನು ಒಪ್ಪುವ ಮೊದಲು ಅಂಕಿಯನ್ನು ಓದಲು ಕಲಿಯಬೇಕು.

ಮೊದಲಿಗೆ, ಅದು ನಿಜವೇ? ಆ ಕಾಲದ ಅನೇಕ ಕಾರುಗಳ ಓಡೋಮೀಟರಿನಲ್ಲಿ ಇದ್ದದ್ದು ಐದೇ ಅಂಕಿಗಳು. 99,999 ದಾಟಿದರೆ ಮತ್ತೆ ಸೊನ್ನೆಯಿಂದ ಆರಂಭ. ಹಾಗಾದರೆ 28,000 ಎಂಬುದು 1,28,000 ಕೂಡ ಆಗಿರಬಹುದು. ಇಲ್ಲಿ ಗ್ರಂಥಸಂಪಾದನೆಯ ತರಗತಿಯಲ್ಲಿ ಕಲಿತದ್ದು ಕೆಲಸಕ್ಕೆ ಬರುತ್ತದೆ. ಓಲೆಗರಿಯ ಕಾಲವನ್ನು ಅದರ ಕೊನೆಯಲ್ಲಿ ಬರೆದ ತೇದಿಯೊಂದರಿಂದಲೇ ಯಾರೂ ನಿರ್ಣಯಿಸುವುದಿಲ್ಲ. ಲಿಪಿ, ಭಾಷೆ, ಗರಿಯ ಸ್ಥಿತಿ ಎಲ್ಲವೂ ಸಾಕ್ಷಿ ಹೇಳಬೇಕು. ಕಾರಿನಲ್ಲಿಯೂ ಒಳಸಾಕ್ಷ್ಯಗಳಿವೆ. ಕ್ಲಚ್ಚು, ಬ್ರೇಕುಗಳ ಪೆಡಲಿನ ರಬ್ಬರು ನುಣ್ಣಗೆ ಸವೆದಿದ್ದರೆ, ಚಾಲಕನ ಬದಿಯ ಬಾಗಿಲು ಜೋತಿದ್ದರೆ, ಸೀಟು ಕುಸಿದಿದ್ದರೆ ಆ ಅಂಕಿ ಸುಳ್ಳು ಹೇಳುತ್ತಿದೆ. ಹೊರಸಾಕ್ಷ್ಯವೆಂದರೆ ರಿಪೇರಿಯ ರಸೀದಿಗಳು. ಹೊಸದಾಗಿ ಬಳಿದ ಥಳಥಳಿಸುವ ಬಣ್ಣವಂತೂ ಲಿಪಿಕಾರನು ತನಗೆ ಅರ್ಥವಾಗದ ಪದವನ್ನು ಸುಲಭಗೊಳಿಸಿದ ಹಾಗೆ. ಕೆಳಗಿನ ಮೂಲಪಾಠ ಏನಿತ್ತೆಂಬುದನ್ನು ಅದು ಮುಚ್ಚುತ್ತದೆ. ಮಾಸಿದರೂ ಕಾರ್ಖಾನೆಯದೇ ಆದ ಬಣ್ಣಕ್ಕೆ ಬಲ್ಲವರು ಹೆಚ್ಚು ಕೊಡುವುದು ಸುಮ್ಮನೆ ಅಲ್ಲ.

ಅಂಕಿ ನಿಜವೇ ಎಂದು ಒಪ್ಪೋಣ. ನಲವತ್ತು ವರ್ಷಕ್ಕೆ 28,000 ಎಂದರೆ ವರ್ಷಕ್ಕೆ 700. ದಿನಕ್ಕೆ ಎರಡು ಕಿಲೋಮೀಟರೂ ಇಲ್ಲ. ಮಾರುಕಟ್ಟೆಗೆ ಹೋಗಿ ಬಂದದ್ದು, ಅಷ್ಟೆ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಚಳಿಯಲ್ಲಿ ಇಂಥ ಗಿಡ್ಡ ಓಟದಿಂದ ಎಂಜಿನ್ನು ಪೂರ್ತಿ ಬಿಸಿಯೇರುವುದಿಲ್ಲ. ಒಳಗಿನ ತೇವ ಎಣ್ಣೆಯಲ್ಲಿಯೇ ಉಳಿಯುತ್ತದೆ. ನಿಂತ ಕಾರಿನ ಪೆಟ್ರೋಲು ಹಳಸಿ ಕಾರ್ಬ್ಯುರೇಟರಿನಲ್ಲಿ ಅಂಟಾಗುತ್ತದೆ, ಟ್ಯಾಂಕಿಗೆ ತುಕ್ಕು ಹಿಡಿಯುತ್ತದೆ, ರಬ್ಬರು ಬಿರಿಯುತ್ತದೆ, ಬ್ರೇಕಿನ ಸಿಲಿಂಡರುಗಳು ಕಚ್ಚಿಕೊಳ್ಳುತ್ತವೆ. ಗೂಡಲೂರಿನ ಕಡೆಯ ಮುಂಗಾರನ್ನು ಕಂಡವರಿಗೆ ಕಾರಿನ ತಳದ ತಗಡಿನ ಗತಿಯನ್ನು ವಿವರಿಸಬೇಕಿಲ್ಲ. ಇನ್ನು ಆ ಕಿಲೋಮೀಟರುಗಳೆಲ್ಲ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಾಟಿಯ 36 ತಿರುವುಗಳಲ್ಲಿ ಸಂದಿದ್ದರೆ, ಅಲ್ಲಿನ ಒಂದು ಕಿಲೋಮೀಟರು ಮೈಸೂರು ರಸ್ತೆಯ ಒಂದಕ್ಕೆ ಸಮವಲ್ಲ. ಕ್ಲಚ್ಚು, ಬ್ರೇಕುಗಳು ಅದನ್ನು ಬೇರೆಯೇ ಲೆಕ್ಕದಲ್ಲಿ ಬರೆದುಕೊಂಡಿರುತ್ತವೆ.

ಆದ್ದರಿಂದ ಬೆಲೆಯನ್ನು ಇನ್ನೊಂದು ತುದಿಯಿಂದ ಕಟ್ಟಬೇಕು. ಅದೇ ಮಾದರಿಯ, ಚೆನ್ನಾಗಿ ಓಡುತ್ತಿರುವ ಕಾರು ನಿಜವಾಗಿ ಎಷ್ಟಕ್ಕೆ ಹೋಯಿತೆಂದು ನಾಲ್ಕು ಮೆಕ್ಯಾನಿಕರನ್ನು ವಿಚಾರಿಸಬೇಕು (ಹೇಳಿದ ಬೆಲೆಯನ್ನಲ್ಲ, ಕೈ ಬದಲಾಯಿಸಿದ ಹಣವನ್ನು). ಅದರಲ್ಲಿ ಈ ಕಾರನ್ನು ರಸ್ತೆಗಿಳಿಸುವ ಖರ್ಚನ್ನು ಕಳೆಯಬೇಕು. ಕಾಗದಪತ್ರಗಳ ಖರ್ಚೂ ಸಣ್ಣದಲ್ಲ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ನವೀಕರಿಸಲು 2022ರ ಏಪ್ರಿಲ್‌ನಿಂದ 5,000 ರೂಪಾಯಿ ಶುಲ್ಕ. ಇಪ್ಪತ್ತು ವರ್ಷ ದಾಟಿದವಕ್ಕೆ 2025ರಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ಟಿಎನ್ 43 ಫಲಕದ ಕಾರನ್ನು ಬಂಡೀಪುರದ ಈಚೆಗೆ ತಂದು ಇಲ್ಲಿಯೇ ಇಟ್ಟುಕೊಳ್ಳುವುದಾದರೆ ನಿರಾಕ್ಷೇಪಣಾ ಪತ್ರ, ಕರ್ನಾಟಕದ ತೆರಿಗೆ ಬೇರೆ. ಐವತ್ತು ದಾಟಿದ ಕಾರಿಗೆ 2021ರ ನಿಯಮಗಳು ‘ವಿಂಟೇಜ್’ ಎಂಬ ಮನ್ನಣೆ ಕೊಡುತ್ತವೆ, ನಿಜ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಇಷ್ಟೆಲ್ಲ ಕಳೆದ ಮೇಲೆ, ಮೂಲರೂಪ ಕೆಡದೆ ಉಳಿದಿದ್ದರೆ ಅದಕ್ಕಾಗಿ ಒಂದಿಷ್ಟು ಧಾರಾಳವಾಗಿಯೇ ಕೂಡಿಸಬಹುದು. 2014ರಲ್ಲಿ ನಿಂತುಹೋದ ಅಂಬಾಸಿಡರ್ ಆಗಲಿ, ಅದಕ್ಕೂ ಮೊದಲೇ ನಿಂತ ಪದ್ಮಿನಿಯಾಗಲಿ ಮತ್ತೆ ತಯಾರಾಗುವುದಿಲ್ಲವಲ್ಲ.

ಈ ಲೆಕ್ಕ ಕೊಳ್ಳುವವರ ಪರವಾದದ್ದೆಂದು ತೋರಬಹುದು. ಹಾಗೇನಿಲ್ಲ. ಅಂಕಿಯ ಭ್ರಮೆಯಿಂದ ಹೆಚ್ಚು ನಷ್ಟವಾಗುವುದು ಎಷ್ಟೋ ಸಲ ಮಾರುವವರಿಗೇ. ಯಜಮಾನರು ತೀರಿಕೊಂಡ ಮನೆಗೆ ದಲ್ಲಾಳಿ ಬರುತ್ತಾನೆ. ಸ್ಟಾರ್ಟ್ ಆಗದ ಕಾರನ್ನು ಗುಜರಿಯ ಬೆಲೆಗೆ ಕೇಳುತ್ತಾನೆ. ಅದನ್ನೇ ತೊಳೆದು, ಬಣ್ಣ ಬಳಿದು, 28,000 ಎಂಬ ಅಂಕಿಯನ್ನು ಮುಂದಿಟ್ಟು ಬೆಂಗಳೂರಿನಲ್ಲಿ ಹಲವು ಪಟ್ಟಿಗೆ ಮಾರುತ್ತಾನೆ. ಆ ಮನೆಯ ಅಜ್ಜಿಯ ಕೈಯಲ್ಲಿ ಚೌಕಾಸಿಗೆ ಇರುವ ಆಧಾರವೆಂದರೆ ಬೀರುವಿನಲ್ಲಿರುವ ರಸೀದಿಗಳ ಕಟ್ಟು ಒಂದೇ. ಕಾರು ಹೋಗುವ ಮೊದಲು ಮನೆ ಚೊಕ್ಕಟ ಮಾಡುವಾಗ ರದ್ದಿಗೆ ಹೋಗುವುದೂ ಸಾಮಾನ್ಯವಾಗಿ ಅದೇ.